ಕೋಳಿ ಆಹಾರಕ್ಕೆ ಬೆಳ್ಳುಳ್ಳಿ: ಜಜ್ಜಿ 10 ನಿಮಿಷ ಬಿಡಿ
ಕೋಳಿಗಳಿಗೆ ಬೆಳ್ಳುಳ್ಳಿ ಕೊಡುವವರು ಅದನ್ನು ಇಡಿಯಾಗಿಯೋ ಬೇಯಿಸಿಯೋ ಹಾಕದೆ, ಹಸಿಯಾಗಿಯೇ ಜಜ್ಜಿ, ಸುಮಾರು 10 ನಿಮಿಷ ಹಾಗೆಯೇ ಬಿಟ್ಟು, ಒಂದು ಕಿಲೋ ಆಹಾರಕ್ಕೆ 5 ಗ್ರಾಂನಂತೆ ಬೆರೆಸಿ ಅಂದೇ ತಿನ್ನಿಸಬೇಕು. ಎಸಳು ಜಜ್ಜಿದಾಗಲೇ ಅದರೊಳಗಿನ ಅಲಿಯಿನ್ ಎಂಬ ವಸ್ತು ಅಲಿನೇಸ್ ಕಿಣ್ವದ ಸಂಪರ್ಕಕ್ಕೆ ಬಂದು ಅಲಿಸಿನ್ ಆಗುತ್ತದೆ, ಇ. ಕೊಲೈ, ಸಾಲ್ಮೊನೆಲ್ಲಾದಂತಹ ಹಾನಿಕಾರಕ ಬ್ಯಾಕ್ಟೀರಿಯಾಗಳನ್ನು ತಡೆಯುವುದು ಈ ಅಲಿಸಿನ್, ಆದರೆ ಕರುಳಿಗೆ ಹಿತವಾದ ಲ್ಯಾಕ್ಟೋಬ್ಯಾಸಿಲಸ್ ಜಾತಿಗಳು ಸಾಮಾನ್ಯವಾಗಿ ಇದನ್ನು ಹೆಚ್ಚು ತಾಳಿಕೊಳ್ಳುತ್ತವೆ. ಮೊದಲೇ ಬೇಯಿಸಿದರೆ ಕಿಣ್ವವೇ ನಾಶವಾಗುತ್ತದೆ. ಅಲಿಸಿನ್ ಬಹುಬೇಗ ಕ್ಷೀಣಿಸುವುದರಿಂದ ವಾರಕ್ಕಾಗುವಷ್ಟು ಬೆರೆಸಿಡುವುದು ವ್ಯರ್ಥ, ಅಲ್ಲದೆ ಅದರ ತೇವದಿಂದ ಆಹಾರಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ವಿಷದ ಅಪಾಯವೂ ಇದೆ, ಇದು ಬೆಳ್ಳುಳ್ಳಿಯಿಂದಾಗುವ ಲಾಭಕ್ಕಿಂತ ದೊಡ್ಡ ನಷ್ಟ. ಪ್ರಮಾಣವನ್ನು ಮನಬಂದಂತೆ ಹೆಚ್ಚಿಸಬಾರದು, ಏಕೆಂದರೆ ಅತಿಯಾದ ಬೆಳ್ಳುಳ್ಳಿ ಕೋಳಿಯ ಕೆಂಪು ರಕ್ತಕಣಗಳಿಗೆ ಹಾನಿ ಮಾಡುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ಪರಾವಲಂಬಿ ರೋಗ ಇರಬಹುದು. ಆಗ ಬೆಳ್ಳುಳ್ಳಿಯನ್ನು ನಂಬಿ ಕಾಯದೆ, ಒಂದು ದಿನವೂ ತಡಮಾಡದೆ ದಯವಿಟ್ಟು ಪಶುವೈದ್ಯರಿಗೆ ತೋರಿಸಿ.