ಕಾರ್ಟ್ರಿಜ್ ಬಿಟ್ಟು ಕೋಳಿಮಾಂಸದ ಔಷಧಶೇಷ ಅಳೆದ ನನ್ನ ಅನುಭವ

ಎಸ್‌ಪಿಇ ಕಾರ್ಟ್ರಿಜ್ (ಸಾರವನ್ನು ಹಾಯಿಸಿ ಶುದ್ಧಗೊಳಿಸುವ ಪುಡಿ ತುಂಬಿದ ಚಿಕ್ಕ ಕೊಳವೆ) ಇಲ್ಲದೆ ಕೋಳಿಮಾಂಸದ ಟೆಟ್ರಾಸೈಕ್ಲಿನ್ ಹಾಗೂ ಫ್ಲೋರೋಕ್ವಿನೋಲೋನ್ ಎಂಬ ಎರಡು ಬಗೆಯ ಆ್ಯಂಟಿಬಯೋಟಿಕ್ ಶೇಷಗಳನ್ನು ಒಂದೇ ಸಾರದಿಂದ ಅಳೆಯಲಾಗದು ಎಂದು ನಮ್ಮ ಪ್ರಯೋಗಾಲಯದಲ್ಲಿ ಹೇಳದವರಿರಲಿಲ್ಲ. ಆದರೆ ಮಾದರಿಯೊಂದರ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಆ ಕಾರ್ಟ್ರಿಜ್‌ಗಳೇ ನುಂಗುತ್ತಿದ್ದುದರಿಂದ, ಅವುಗಳನ್ನು ಕೈಬಿಡುವ ದಾರಿಯನ್ನು ಸುಮಾರು ಒಂದೂವರೆ ವರ್ಷ ಹುಡುಕಿದೆ.

ಮೊದಲ ಪೆಟ್ಟು ಪಿಎಸ್‌ಎ ಪುಡಿಯಿಂದ ಬಿತ್ತು. ಕೀಟನಾಶಕಗಳಿಗೆ ಬಳಸುತ್ತಿದ್ದ ಕ್ವೆಚರ್ಸ್ ವಿಧಾನವನ್ನು (ಉಪ್ಪು ಮತ್ತು ಪುಡಿ ಸೇರಿಸಿ ಕುಲುಕಿ ಸಾರವನ್ನು ಶುದ್ಧಗೊಳಿಸುವ ಕ್ರಮ) ಹಾಗೆಯೇ ಎತ್ತಿ ತಂದಿದ್ದೆ. ಸಾರವನ್ನು ಶುದ್ಧಗೊಳಿಸಬೇಕಾದ ಪಿಎಸ್‌ಎ ನಾನು ಹುಡುಕುವ ಔಷಧವನ್ನೇ ಹಿಡಿದಿಟ್ಟುಕೊಳ್ಳುತ್ತಿದೆಯೆಂದು ತಿಳಿಯಲು ಎರಡು ತಿಂಗಳು ಹಿಡಿಯಿತು. ಜೊತೆಗೆ ಆ ವಿಧಾನದಲ್ಲಿ ನೀರು ಹೀರಲು ಹಾಕುವ ಮೆಗ್ನೀಸಿಯಂ ಸಲ್ಫೇಟ್ ಬೇರೆ. ಲೋಹದ ಅಯಾನು ಸಿಕ್ಕಲ್ಲಿ ಟೆಟ್ರಾಸೈಕ್ಲಿನ್ ಅದಕ್ಕೆ ಅಂಟಿಕೊಳ್ಳುವುದರಿಂದ ರಿಕವರಿ (ಮಾಂಸಕ್ಕೆ ಬೆರೆಸಿದ ಔಷಧದಲ್ಲಿ ಮರಳಿ ಸಿಕ್ಕ ಪಾಲು) ಶೇ 30ರ ಆಸುಪಾಸಿನಲ್ಲೇ ನಿಂತಿತ್ತು.

ಎರಡನ್ನೂ ಬಿಟ್ಟು, 2 ಗ್ರಾಂ ಎದೆಮಾಂಸಕ್ಕೆ ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಸೇರಿಸಿದ ಮ್ಯಾಕಿಲ್ವೇನ್ ಬಫರ್ (ಆಮ್ಲತೆಯನ್ನು ಸ್ಥಿರವಾಗಿಡುವ ದ್ರಾವಣ) ಹಾಕಿ, ಆಮ್ಲ ಬೆರೆಸಿದ ಅಸಿಟೋನೈಟ್ರೈಲ್‌ನಿಂದ ಸಾರ ತೆಗೆದು, ಅದನ್ನು ಫ್ರೀಜರಿನಲ್ಲಿಟ್ಟು ಕೊಬ್ಬನ್ನು ಹೆಪ್ಪುಗಟ್ಟಿಸಿ, ಕೊನೆಗೆ ಕೊಬ್ಬು ಹೀರುವ ಒಂದಿಷ್ಟು ಸಿ18 ಪುಡಿಯೊಡನೆ ಕುಲುಕಿದಾಗ ರಿಕವರಿ ಶೇ 80 ದಾಟಿತು. ಬಫರ್ ಮತ್ತು ಅಸಿಟೋನೈಟ್ರೈಲ್‌ಗಳ ನಡುವೆ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಗಳಿಕೆ. ಇಡಿಟಿಎಯು ಔಷಧ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದ ಅಯಾನು ಮೂಲವನ್ನು (ಅಣುಗಳಿಗೆ ವಿದ್ಯುದಾವೇಶ ಕೊಡುವ ಭಾಗವನ್ನು) ಬೆಳ್ಳಗೆ ಮಾಡಿ ಒಂದು ವಾರ ಕೆಲಸ ನಿಲ್ಲಿಸಿದ ಮೇಲೆ, ಔಷಧಗಳನ್ನು ಬೇರ್ಪಡಿಸುವ ಕಾಲಮ್ಮಿನಿಂದ ಹೊರಬರುವ ಮೊದಲ ಒಂದೆರಡು ನಿಮಿಷದ ದ್ರವವನ್ನು ತ್ಯಾಜ್ಯಕ್ಕೆ ತಿರುಗಿಸುವ ಅಭ್ಯಾಸವಾಯಿತು.

ಹೆಚ್ಚು ಕಾಡಿದ್ದು ಬ್ಲ್ಯಾಂಕ್ ಮಾಂಸ, ಅಂದರೆ ಹೋಲಿಕೆಗೆ ಬೇಕಾದ ಔಷಧವಿಲ್ಲದ ಮಾಂಸ. ಔಷಧವಿಲ್ಲದ್ದೆಂದು ಕೊಂಡು ತಂದ ಕೋಳಿಯಲ್ಲೇ ಡಾಕ್ಸಿಸೈಕ್ಲಿನ್ (ಒಂದು ಟೆಟ್ರಾಸೈಕ್ಲಿನ್) ಗೆರೆ ಎದ್ದು ನಿಲ್ಲುತ್ತಿದ್ದುದರಿಂದ ಕ್ಯಾಲಿಬ್ರೇಶನ್ ರೇಖೆ (ಗೊತ್ತಿರುವ ಪ್ರಮಾಣಗಳಿಂದ ಎಳೆದ ಅಳತೆಯ ರೇಖೆ) ಸೊನ್ನೆಯ ಹತ್ತಿರ ಸುಳ್ಳು ಹೇಳುತ್ತಿತ್ತು. ಕಡೆಗೆ ಔಷಧ ಬೆರೆಸದ ಆಹಾರ ಕೊಟ್ಟು ಹತ್ತು ಹಕ್ಕಿಗಳನ್ನು ನಾನೇ ಸಾಕಿಸಿದೆ. ಖರ್ಚಿನ ಲೆಕ್ಕ ಕೇಳಿದವರು ನಕ್ಕರು, ಆದರೆ ಆ ಮಾಂಸ ಇನ್ನೂ ಫ್ರೀಜರಿನಲ್ಲಿದೆ. ಆಕ್ಸಿಟೆಟ್ರಾಸೈಕ್ಲಿನ್‌ನ ಎಪಿಮರನ್ನು (ಅದೇ ಅಣುವಿನ ರಚನೆ ತುಸು ಬದಲಾದ ರೂಪವನ್ನು) ಲೆಕ್ಕಕ್ಕೆ ಸೇರಿಸದೆ ವರದಿ ಬರೆದ ತಪ್ಪೂ ನನ್ನದೇ. ಯುರೋಪಿಯನ್ ಒಕ್ಕೂಟ ಮಾಂಸಖಂಡಕ್ಕೆ ಹಾಕಿರುವ ಕಿಲೋಗೆ 100 ಮೈಕ್ರೋಗ್ರಾಂ ಮಿತಿಯು ಮೂಲ ಔಷಧ ಮತ್ತು ಎಪಿಮರ್ ಎರಡರ ಮೊತ್ತಕ್ಕೆ ಅನ್ವಯಿಸುತ್ತದೆ. ಮಿತಿಯೊಳಗಿದೆಯೆಂದು ನಾನು ಬರೆದಿದ್ದ ಒಂದು ಮಾದರಿ, ಮತ್ತೆ ಕೂಡಿಸಿದಾಗ ಮಿತಿ ಮೀರಿತ್ತು.

ನಡುವೆ ಕುತೂಹಲಕ್ಕೆಂದು ಎನ್ರೋಫ್ಲಾಕ್ಸಸಿನ್ (ಒಂದು ಫ್ಲೋರೋಕ್ವಿನೋಲೋನ್) ಕೊಟ್ಟ ಹಕ್ಕಿಗಳ ಗರಿಗಳನ್ನು ಕತ್ತರಿಸಿ ಇದೇ ದ್ರಾವಣದಲ್ಲಿ ನೆನೆಹಾಕಿದೆ. ಮಾಂಸದಲ್ಲಿ ಏನೂ ಕಾಣದಾದ ಮೇಲೆಯೂ ಗರಿಯಲ್ಲಿ ವಾರಗಟ್ಟಲೆ ಔಷಧ ಸಿಗುತ್ತಿತ್ತು. ಹಿಂದೆ ಔಷಧ ಕೊಟ್ಟಿದ್ದರೇ ಎಂದು ತಿಳಿಯಲು ಗರಿ ಒಳ್ಳೆಯ ಸಾಕ್ಷಿ, ಮಾಂಸದ ಮಿತಿ ತೀರ್ಮಾನಿಸಲು ಅದು ಬಾರದು.

ಈಗ ದಿನಕ್ಕೆ ನಲವತ್ತು ಮಾದರಿಗಳು ಮುಗಿಯುತ್ತವೆ. ಮೊದಲು ಹದಿನೈದಕ್ಕೇ ಸಂಜೆಯಾಗುತ್ತಿತ್ತು. ಯಕೃತ್ತಿಗೆ ಮಾತ್ರ ಈ ವಿಧಾನ ಇನ್ನೂ ಒಗ್ಗಿಲ್ಲ, ಅಲ್ಲಿ ನಾನೂ ಕಾರ್ಟ್ರಿಜ್ಜನ್ನೇ ಬಳಸುತ್ತಿದ್ದೇನೆ.