ಬಾಟಲಿ ತೆರೆಯುವ ಮೊದಲೇ ಬೈಕಿನ ಕೀ ಒಪ್ಪಿಸಿ

ಮಹಡಿ ಮನೆಯನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ದಿನ ನಾನು ಎರಡು ಮಾತು ಹೇಳುತ್ತೇನೆ. ರೂಮಿನಲ್ಲಿ ಕುಡಿಯಬೇಡಿ. ಆದರೂ ಯಾರಾದರೂ ಕುಡಿದು ಎಚ್ಚರ ತಪ್ಪಿದರೆ ಎಷ್ಟು ಹೊತ್ತಾಗಿದ್ದರೂ ನನ್ನ ಬಾಗಿಲು ಬಡಿಯಿರಿ, ಅದಕ್ಕಾಗಿ ರೂಮು ಖಾಲಿ ಮಾಡಿಸುವುದಿಲ್ಲ. ಇದು ಸಲಿಗೆ ಕೊಟ್ಟಂತೆ ಎಂದು ಅಕ್ಕಪಕ್ಕದವರು ಆಕ್ಷೇಪಿಸಿದ್ದಾರೆ. ಆದರೆ ಮಾಲೀಕರಿಗೆ ಹೆದರಿದ ಹುಡುಗರು ಬಾಟಲಿ ಹಿಡಿದು ತುಂಗೆಯ ದಂಡೆಗೋ ಭದ್ರಾ ಕಾಲುವೆಯ ಏರಿಗೋ ಹೋಗುತ್ತಾರೆ. ಕತ್ತಲಲ್ಲಿ, ಹರಿಯುವ ನೀರಿನ ಪಕ್ಕದಲ್ಲಿ ಕಾಲು ಜಾರಿದರೆ ಕೂಗು ಯಾರಿಗೂ ಕೇಳಿಸುವುದಿಲ್ಲ.

ಮೊದಲು ವಯಸ್ಸು ನೋಡಿ. ರಾಜ್ಯದ 1967ರ ಅಬಕಾರಿ ನಿಯಮಗಳ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರಲ್ಲಿ ಅದನ್ನು 18ಕ್ಕೆ ಇಳಿಸುವ ಪ್ರಸ್ತಾವ ಬಂದು, ವಿರೋಧದಿಂದಾಗಿ ಬಿದ್ದುಹೋಯಿತು. ಪದವಿ ಓದುವವರಲ್ಲಿ ಹೆಚ್ಚಿನವರು ಆ ವಯಸ್ಸು ಮುಟ್ಟಿರುವುದಿಲ್ಲ. ಸೀನಿಯರ್‌ಗಳು ಅವರ ಕೈಗೆ ಗ್ಲಾಸ್ ಕೊಡಬಾರದು. ಬೇಡ ಎಂದವರನ್ನು, ಅವರ ವಯಸ್ಸು ಎಷ್ಟೇ ಇರಲಿ, ಎರಡನೆಯ ಸಲ ಕೇಳಬಾರದು.

ಕುಡಿಯದೇ ಇರುವ ಒಬ್ಬನನ್ನು ಸಂಜೆಯೇ ಗೊತ್ತುಮಾಡಿ, ಎಲ್ಲರ ಬೈಕಿನ ಕೀಗಳನ್ನು ಅವನಿಗೆ ಒಪ್ಪಿಸಿ. ಎರಡು ಪೆಗ್ ಆದ ಮೇಲೆ ಕೀ ಕೇಳಿದರೆ ಜಗಳವಾಗುತ್ತದೆ. ಗಾಡಿ ಓಡಿಸುವವನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮೊದಲ ತಪ್ಪಿಗೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಇನ್ನು ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲಿಯೇ. ಒಂದು ಪೆಗ್, ಅಂದರೆ 30 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 40 ಗ್ರಾಂ. ಅಂದರೆ ‘ಬರೀ ಬಿಯರ್’ ಎಂದು ಕುಡಿದ ಒಂದು ಬಾಟಲಿ ಅಂಥ ನಾಲ್ಕು ಪೆಗ್‌ಗಳಿಗೆ ಸಮ. 180 ಮಿಲಿಲೀಟರ್‌ನ ಒಂದು ಕ್ವಾರ್ಟರ್ ಎಂದರೆ ಆರು ಪೆಗ್. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ ಒಂದು ಪೆಗ್‌ನಷ್ಟನ್ನು ಮಾತ್ರ ಕರಗಿಸಬಲ್ಲದು. ಕಾಫಿ, ಮಜ್ಜಿಗೆ, ನಿಂಬೆಹಣ್ಣು, ತಣ್ಣೀರ ಸ್ನಾನ ಯಾವುದೂ ಅದನ್ನು ಅವಸರಪಡಿಸುವುದಿಲ್ಲ. ರಾತ್ರಿ ಎರಡು ಬಾಟಲಿ ಸ್ಟ್ರಾಂಗ್ ಬಿಯರ್ ಕುಡಿದು ಮಲಗಿದವನ ರಕ್ತದಲ್ಲಿ ಬೆಳಗಿನ ಮೊದಲ ಬಸ್ಸಿನ ಹೊತ್ತಿಗೂ ಅದು ಉಳಿದಿರಬಹುದು. ಆದ್ದರಿಂದ ಮೊದಲು ಹೊಟ್ಟೆ ತುಂಬ ಊಟ ಮಾಡಿ, ನಡುನಡುವೆ ನೀರು ಕುಡಿಯಿರಿ.

ಮಳೆಗಾಲದಲ್ಲಿ ‘ಚಳಿಗೆ ಸ್ವಲ್ಪ’ ಎನ್ನುವುದು ಮಲೆನಾಡಿನ ಹಳೆಯ ನೆಪ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ಅನ್ನಿಸುತ್ತದೆ, ನಿಜದಲ್ಲಿ ಒಳಗಿನ ಶಾಖ ಹೊರಗೆ ಸೋರುತ್ತದೆ. ನೆನೆದ ಬಟ್ಟೆಯಲ್ಲಿ ಹೊರಗೆ ಮಲಗಿಬಿಟ್ಟವನ ಪ್ರಾಣಕ್ಕೇ ಇದು ಕುತ್ತಾಗಬಹುದು.

ಯಾರಾದರೂ ಕುಡಿದು ಬಿದ್ದರೆ ‘ನಿದ್ದೆ ಮಾಡಲಿ ಬಿಡು’ ಎಂದು ಬಾಗಿಲು ಎಳೆದುಕೊಂಡು ಹೋಗಬೇಡಿ. ಹೊಟ್ಟೆಯಲ್ಲಿ ಉಳಿದ ಮದ್ಯ ಆಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟೀತು. ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಿಸಿ, ಬಾಯಿ ನೆಲದ ಕಡೆ ವಾಲುವಂತೆ ಮಲಗಿಸಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಏನನ್ನೂ ಕುಡಿಸಬೇಡಿ. ಪಕ್ಕದಲ್ಲೇ ಕುಳಿತು ಉಸಿರು ಎಣಿಸಿ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡ್ ಕಳೆದರೆ, ತುಟಿ ನೀಲಿಗಟ್ಟಿದರೆ, ಅಥವಾ ಜೋರಾಗಿ ಅಲುಗಾಡಿಸಿದರೂ ಏಳದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಹತ್ತಿರವಿದೆ. ಶಂಕರಘಟ್ಟದ ವಿಶ್ವವಿದ್ಯಾಲಯದ ಕಡೆಯಿಂದ ದಾರಿ ದೂರ, ಅಲ್ಲಿ ಕಾದು ನೋಡಲು ಸಮಯವೇ ಇಲ್ಲ. ಎಷ್ಟು ಕುಡಿದ, ಜೊತೆಗೆ ಬೇರೇನಾದರೂ ತೆಗೆದುಕೊಂಡನೇ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಮರುದಿನ ಆ ಗೆಳೆಯನನ್ನು ಅಣಕಿಸಬೇಡಿ, ವಿಡಿಯೊ ಹಂಚಬೇಡಿ. ಒಬ್ಬನೇ ಕುಳಿತು ಕುಡಿಯುತ್ತಿದ್ದರೆ, ತರಗತಿಗೆ ಹೋಗುವುದನ್ನು ಬಿಟ್ಟಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಅವನ ಜೊತೆ ಕುಳಿತೇ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.