ಒಂದೇ ಮೋಟಾರು, ಎರಡು ಕಂಟ್ರೋಲು: ಗ್ಯಾಲಪಿಂಗ್ ಘೋಸ್ಟ್ ಹಾರಿಸಿದ ನನ್ನ ಅನುಭವ

ಗ್ಯಾಲಪಿಂಗ್ ಘೋಸ್ಟ್ ಅಂದರೆ ಒಂದೇ ಮೋಟಾರಿನಿಂದ ಮಾದರಿ ವಿಮಾನದ ಬಾಲದ ಎರಡು ಕಂಟ್ರೋಲನ್ನೂ ಆಡಿಸುವ ಹಳೇ ರೇಡಿಯೋ ಪದ್ಧತಿ. ಅದರ ಒಂದು ಹಳೇ ಸೆಟ್ ಹಾರಿಸುತ್ತೇನೆ ಅಂದಾಗ ಜೊತೆಯವರೆಲ್ಲ ಹೇಳಿದ್ದು ಒಂದೇ ಮಾತು. "ಡಬ್ಬಿ ಹಳೇದಿರಲಿ, ಒಳಗೆ ಈಗಿನ 2.4 ಗಿಗಾಹರ್ಟ್ಸ್ ರೇಡಿಯೋ ಮಾಡ್ಯೂಲ್ ಹಾಕು, ಕಂಟ್ರೋಲಿಗೊಂದರಂತೆ ಎರಡು ಸರ್ವೋ ಮೋಟಾರು ಕೂರಿಸು, ಮುಗೀತು." ನಾನು ಒಪ್ಪಲಿಲ್ಲ. ಈಗ ಅದೇ 27 ಮೆಗಾಹರ್ಟ್ಸ್ ಟ್ರಾನ್ಸ್‌ಮಿಟರ್, ಅದೇ ಸೂಪರ್‌ರೀಜೆನ್ (ಸರಳ, ಹಳೇ ಬಗೆಯ) ರಿಸೀವರ್, ಬಾಲ ಆಡಿಸುವ ಅದೇ ಒಂಟಿ ಮೋಟಾರಿನಲ್ಲಿ (ಆಕ್ಚುಯೇಟರ್) ವಿಮಾನ ಹಾರುತ್ತಿದೆ. ಲೂಪ್ ಕೂಡ ಹೊಡೆಯುತ್ತದೆ. ಬೇಡ ಅಂದವರೇ ಈಗ ಸ್ಟಿಕ್ ಇಸ್ಕೊಂಡು ನೋಡುತ್ತಾರೆ.

ಟ್ರಾನ್ಸ್‌ಮಿಟರ್ ಬಿಟ್ಟು ಬಿಟ್ಟು ಕಳಿಸುವ ಪಲ್ಸಿನ ಅಗಲ (ಒಂದೊಂದು ಎಷ್ಟು ಹೊತ್ತು) ಎಡ-ಬಲ ತಿರುಗಿಸುವ ರಡ್ಡರಿಗೆ, ಪಲ್ಸಿನ ವೇಗ (ಸೆಕೆಂಡಿಗೆ ಎಷ್ಟು) ಮೂಗನ್ನು ಮೇಲೆ-ಕೆಳಗೆ ಮಾಡುವ ಎಲಿವೇಟರಿಗೆ. ಈಗಿನ ಸರ್ವೋಗೆ ಸೆಕೆಂಡಿಗೆ ಸುಮಾರು 50 ಪಲ್ಸ್ ಹೋಗುತ್ತದೆ. ನನ್ನದರಲ್ಲಿ ನಿಧಾನಕ್ಕೆ 4-5, ಜೋರಿಗೆ 10-11 ಇರಬಹುದು. ಬಾಲ ಹಾರಾಟ ಪೂರ್ತಿ ಪಟಪಟ ಬಡಿಯುತ್ತಲೇ ಇರುತ್ತದೆ. ಹಾಗಾಗಿ ರಡ್ಡರ್, ಎಲಿವೇಟರ್ ಎರಡನ್ನೂ ಚಿಕ್ಕದಾಗಿ, ಹಗುರವಾಗಿ ಮಾಡಿ. ಭಾರ ಆದರೆ ಅವನ್ನು ಆಡಿಸುವ ಬಾಗಿದ ತಂತಿ, ಅಂದರೆ ಕ್ರ್ಯಾಂಕ್, ಹಿಂದೆ ಬೀಳುತ್ತದೆ.

ಜಾಸ್ತಿ ದುಡ್ಡು ತಿಂದಿದ್ದು ಬ್ಯಾಟರಿ. ಹಳೇ ನಿಕ್ಕಲ್ ಕ್ಯಾಡ್ಮಿಯಂ ಸೆಲ್‌ಗಳು ಬಿಳಿ ಪುಡಿ ಉಗುಳಿದ್ದವು. ಅದಕ್ಕಿಂತ ಕೆಟ್ಟದ್ದು ನೆಗೆಟಿವ್ ವಯರು. ಹೊರಗೆ ಚೆನ್ನಾಗೇ ಕಾಣುತ್ತದೆ. ಸಿಪ್ಪೆ ಸುಲಿದರೆ ಒಳಗೆ ತಾಮ್ರ ಕಪ್ಪು ಹಿಡಿದಿರುತ್ತದೆ, ಸೋಲ್ಡರ್ ಅಂಟುವುದೇ ಇಲ್ಲ. ತುದಿ ಕತ್ತರಿಸಿ ನೋಡಿದೆ, ಅಲ್ಲೂ ಕಪ್ಪು. ಕೊನೆಗೆ ಸ್ವಿಚ್ಚಿನವರೆಗೂ ಇಡೀ ವಯರ್ ಬದಲಿಸಿದೆ. ಸೆಂಟರ್ ಟ್ಯಾಪ್ ಇರುವ, ಅಂದರೆ ನಡುವಿನಿಂದಲೂ ವಯರು ತೆಗೆದು ಒಂದು ಅರ್ಧ ಮೋಟಾರನ್ನು ಒಂದು ದಿಕ್ಕಿಗೆ, ಇನ್ನೊಂದು ಅರ್ಧ ಎದುರು ದಿಕ್ಕಿಗೆ ತಿರುಗಿಸುವ 4 ಸೆಲ್‌ಗಳ ಪ್ಯಾಕ್‌ನಲ್ಲಿ ಇನ್ನೊಂದು ತೊಂದರೆ ಇದೆ. ಒಂದೇ ಕಡೆ ರಡ್ಡರ್ ಹಿಡಿದು ಸುತ್ತುತ್ತಿದ್ದರೆ ಒಂದು ಅರ್ಧ ಬೇಗ ಖಾಲಿಯಾಗುತ್ತದೆ. ಆಮೇಲೆ ಮೋಟಾರು ಒಂದೇ ದಿಕ್ಕಿಗೆ ತಿರುಗುತ್ತದೆ, ವಿಮಾನ ನಮ್ಮ ಕೈಯಲ್ಲಿ ಇರುವುದಿಲ್ಲ. ಹೊಸ ಸೆಲ್, ಚಾರ್ಜರ್, ಸೆಕೆಂಡ್ ಹ್ಯಾಂಡ್ ಸ್ಪೇರ್ ಆಕ್ಚುಯೇಟರ್ ಎಲ್ಲ ಸೇರಿ ಸೆಟ್ಟಿಗೆ ಕೊಟ್ಟದ್ದರ ಎರಡು ಪಟ್ಟಾದರೂ ಖರ್ಚಾಗಿದೆ. ಹೊಸ ರೇಡಿಯೋನೇ ಬರುತ್ತಿತ್ತು, ನಿಜ. ಆದರೆ ಬೇಕಾಗಿದ್ದು ಅದಲ್ಲವಲ್ಲ.

ಎರಡನೇ ತಲೆನೋವು ರೇಡಿಯೋ ಗಲಾಟೆ, ಅಂದರೆ ಸಿಗ್ನಲ್ಲಿಗೆ ಅಡ್ಡ ಬರುವ ನಾಯ್ಸ್. ಸೂಪರ್‌ರೀಜೆನ್ ರಿಸೀವರ್ ತನ್ನ ಪಕ್ಕದ ಮೋಟಾರಿನ ಬ್ರಷ್ ಕಿಡಿಯನ್ನೂ ಸಿಗ್ನಲ್ ಅಂತಲೇ ಕೇಳಿಸಿಕೊಳ್ಳುತ್ತದೆ. ಮೂರು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಒಂದು ಬ್ರಷ್‌ಗಳ ಮಧ್ಯೆ, ಉಳಿದೆರಡು ಬ್ರಷ್‌ನಿಂದ ಮೋಟಾರಿನ ಮೈಗೆ. ಮುಕ್ಕಾಲು ಪಾಲು ಹೋಯಿತು. ಉಳಿದಿದ್ದು ಎಲ್ಲಿಂದ ಅಂತ ಹುಡುಕಿದರೆ ಬಾಲದಲ್ಲಿ! ತಂತಿಯ ಕ್ರ್ಯಾಂಕ್ ಲೋಹದ ಕುಣಿಕೆಯಲ್ಲಿ ಉಜ್ಜುವಾಗಲೂ ಚರಚರ ಬರುತ್ತದೆ. ಅಲ್ಲಿ ನೈಲಾನ್ ಬುಷ್ ಹಾಕಿದ ಮೇಲೆ ರೇಂಜ್ ಎರಡರಷ್ಟಾಯಿತು. ರೇಂಜ್ ಟೆಸ್ಟ್ ಮಾಡುವಾಗ ಬಾಲ ಬಡಿಯುತ್ತಿರಬೇಕು, ಇಂಜಿನ್ನೂ ಓಡುತ್ತಿರಬೇಕು. ಸುಮ್ನೆ ನಿಂತ ವಿಮಾನದ ಟೆಸ್ಟು ಟೆಸ್ಟೇ ಅಲ್ಲ. ಪಕ್ಕದಲ್ಲಿ ಇನ್ನೊಬ್ಬರು 27 ಮೆಗಾಹರ್ಟ್ಸ್‌ನಲ್ಲಿ ಹಾರಿಸುತ್ತಿದ್ದರೆ ಸ್ವಿಚ್ ಹಾಕಲೇಬೇಡಿ.

ಇಡೀ ಪದ್ಧತಿಯ ಜೀವ ಇರುವುದು ರೇಡಿಯೋದಲ್ಲಲ್ಲ, ಕ್ರ್ಯಾಂಕನ್ನು ನಡುವಿಗೆ ಎಳೆಯುವ ಸ್ಪ್ರಿಂಗಿನಲ್ಲಿ. ಗಟ್ಟಿಯಾದರೆ ನಿಧಾನದ ಪಲ್ಸಿಗೂ ಕ್ರ್ಯಾಂಕ್ ದೂರ ಹೋಗುವುದಿಲ್ಲ, ಮೂಗು ಮೇಲೆ ಏಳುವುದಿಲ್ಲ. ಸಡಿಲವಾದರೆ ತಲೆ ದಾಟಿ ಪೂರ್ತಿ ಸುತ್ತು ಹೊಡೆಯುತ್ತದೆ. ಸ್ಪ್ರಿಂಗ್ ಬದಲು ರಬ್ಬರ್ ಹಾಕಿಯೂ ನೋಡಿದೆ. ಬೆಳಗಿನ ಚಳಿಯಲ್ಲಿ ಒಂದು ಟ್ರಿಮ್ (ವಿಮಾನ ಸಮವಾಗಿ ಹಾರಲು ಮಾಡುವ ಹೊಂದಿಕೆ), ಮಧ್ಯಾಹ್ನದ ಬಿಸಿಲಲ್ಲಿ ಇನ್ನೊಂದು. ಬಿಟ್ಟೆ. ನನ್ನ ಸ್ಪ್ರಿಂಗಿಗೆ ಯಾವ ತಂತಿ, ತುದಿ ಎಲ್ಲಿ ಬಗ್ಗಿಸಿದ್ದೇನೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ. ಅದಕ್ಕೆ ತಿಂಗಳುಗಳೇ ಹೋಗಿವೆ.

ಒಂದು ವಿಷಯ ಮಾತ್ರ ಬಿಟ್ಟುಕೊಡುತ್ತೇನೆ. ಸೆಲ್ ಚಾರ್ಜ್ ಮಾಡಿದ ತಕ್ಷಣ ಟ್ರಿಮ್ ಮಾಡಬೇಡಿ. ವೋಲ್ಟೇಜ್ ಜಾಸ್ತಿ ಇದ್ದಾಗ ಕ್ರ್ಯಾಂಕಿನ ತೂಗಾಟವೂ ಜಾಸ್ತಿ, ಮೂಗು ಮೇಲೇರುತ್ತದೆ. ಇಳಿದಂತೆ ಮೂಗೂ ಬಾಗುತ್ತದೆ. ನಾನು ಹತ್ತು ನಿಮಿಷ ಬೆಂಚಿನ ಮೇಲೆ ಓಡಿಸಿ, ಆಮೇಲೆ ಟ್ರಿಮ್ ಮಾಡುತ್ತೇನೆ.

ಮಧ್ಯೆ ರಬ್ಬರ್ ಸುತ್ತಿ ಓಡಿಸುವ, ಗುಂಡಿ ಒತ್ತಿದಂತೆ ರಡ್ಡರ್ ತಿರುಗಿಸುವ ಎಸ್ಕೇಪ್‌ಮೆಂಟನ್ನೂ ಒಂದು ಹಗುರ ಗ್ಲೈಡರಿಗೆ ಹಾಕಿದ್ದೆ. ಒಂದು ಒತ್ತು ಬಲಕ್ಕೆ, ಎರಡು ಒತ್ತು ಎಡಕ್ಕೆ. ಕರೆಂಟ್ ಹೆಚ್ಚುಕಡಿಮೆ ಬೇಡವೇ ಬೇಡ. ಗಾಳಿ ಇಲ್ಲದ ಸಂಜೆಗೆ ಅದೇ ಚೆಂದ. ವಾಲ್ಟರ್ ಮತ್ತು ವಿಲಿಯಂ ಗುಡ್ ಸಹೋದರರ ರೇಡಿಯೋ ಕಂಟ್ರೋಲ್ ಮಾದರಿ ವಿಮಾನ 'ಗಫ್' 1938ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆ ಗೆದ್ದಿತ್ತು. ಆಗಿನವರು ವ್ಯಾಕ್ಯೂಮ್ ಟ್ಯೂಬ್ ಮತ್ತು ಭಾರದ ಬ್ಯಾಟರಿ ಹೊರಿಸಿಕೊಂಡು ಹಾರಿಸಿದ್ದನ್ನು ನೆನೆದರೆ ನಮಗೆ ಎಲ್ಲ ಸುಲಭವೇ, ಅಲ್ವಾ?

ಈಗ ಉಳಿದಿರುವುದು ಥ್ರಾಟಲ್, ಅಂದರೆ ಇಂಜಿನ್ ವೇಗದ ಕಂಟ್ರೋಲು. ಸಿಗ್ನಲ್ಲನ್ನು ಒಂದೇ ಕಡೆ ಹಿಡಿದರೆ ಕ್ರ್ಯಾಂಕ್ ಪೂರ್ತಿ ಸುತ್ತುತ್ತದಲ್ಲ, ಆ ಸುತ್ತಿನಿಂದಲೇ ಕಾರ್ಬ್ಯುರೇಟರ್ ತಿರುಗಿಸಬೇಕು. ಬೆಂಚಿನ ಮೇಲೆ ಕೆಲಸ ಮಾಡುತ್ತಿದೆ. ಹಾರಾಟದಲ್ಲಿ ಆ ಸುತ್ತಿಗೆ ಬಾಲ ಒಂದು ಸಲ ಜೋರಾಗಿ ಒದೆಯುತ್ತದೆ. ಅದಕ್ಕೆ ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಮಾತ್ರ ಮುಟ್ಟುತ್ತಿದ್ದೇನೆ.